ಓದುಗರ ಪ್ರಶ್ನೆ, ನಮ್ಮ ಉತ್ತರ: ಆಮದಿನ ಜೊತೆ ಒಳಬರುವ ಮ್ಯಾಕ್ರೋ ಹೆಸರುಗಳು

ಈಚೆಗೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹಲವು ಬೇರೆ ಬೇರೆ ಪ್ರೋಗ್ರಾಮಿಂಗ್ ಭಾಷೆಗಳ ಬಗ್ಗೆ ಇದ್ದರೂ ಅವುಗಳೊಳಗಿನ ತಕರಾರು ಒಂದೇ ಆಗಿತ್ತು: ಸರಿಯಾಗಿ ನಡೆಯುತ್ತಿದ್ದ ಪ್ರೋಗ್ರಾಮಿಗೆ ಬೇರೆಡೆ ಬರೆದಿಟ್ಟ ಕೋಡಿನ ಹೊಸದೊಂದು ಹೆಡರನ್ನೋ ಮಾಡ್ಯೂಲನ್ನೋ ಸೇರಿಸಿಕೊಂಡ ಕೂಡಲೇ, ಯಾರೂ ಕೈ ಹಚ್ಚದ ಸಾಲಿನಲ್ಲಿ ದೋಷ ಕಾಣಿಸಿಕೊಳ್ಳುತ್ತದೆ, ವಿಚಾರಿಸಿದರೆ ಎಲ್ಲಿಂದಲೋ ಬಂದ ಮ್ಯಾಕ್ರೋ (ಬಳಸಿದಲ್ಲಿ ತನ್ನ ಬದಲು ಬೇರೆ ಕೋಡನ್ನು ತುಂಬಿಸುವ ಏರ್ಪಾಡು) ಒಂದರ ಹೆಸರು ನಮ್ಮ ಹೆಸರಿಗೆ ಅಡ್ಡ ಬಂದಿರುತ್ತದೆ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟುಕೊಟ್ಟಿದ್ದೇವೆ. ನಮ್ಮ ರೂಢಿಯಂತೆ ಕೋಡಿನ ಹೆಸರುಗಳನ್ನೂ ಕನ್ನಡ ಲಿಪಿಯಲ್ಲೇ ಮುದ್ರಿಸಿದ್ದೇವೆ. ಟೈಪ್ ಮಾಡುವಾಗ ಅವುಗಳ ಇಂಗ್ಲಿಷ್ ಕಾಗುಣಿತವನ್ನೇ ಬಳಸಬೇಕು.

ಪ್ರಶ್ನೆ: ವಿಷುವಲ್ ಸ್ಟುಡಿಯೋದಲ್ಲಿ ಸಿ++ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಇಂಟ್ ಬಗೆಯ ಅತಿ ದೊಡ್ಡ ಸಂಖ್ಯೆಯನ್ನು ಪಡೆಯಲು ಎಸ್‌ಟಿಡಿ::ನ್ಯೂಮರಿಕ್_ಲಿಮಿಟ್ಸ್<ಇಂಟ್>::ಮ್ಯಾಕ್ಸ್() ಎಂದು ಬರೆದಿದ್ದೆ, ಕೆಲಸ ಮಾಡುತ್ತಿತ್ತು. ವಿಂಡೋಸ್.ಎಚ್ ಸೇರಿಸಿದ ಮೇಲೆ ಅದೇ ಸಾಲಿಗೆ, ಮ್ಯಾಕ್ಸ್ ಎಂಬ ಮ್ಯಾಕ್ರೋಗೆ ಸಾಕಷ್ಟು ಆರ್ಗ್ಯುಮೆಂಟ್ ಕೊಟ್ಟಿಲ್ಲ ಎಂಬ ಸಿ4003 ಎಚ್ಚರಿಕೆಯೂ ಅದರ ಹಿಂದೆ ಸಾಲು ಸಾಲು ದೋಷಗಳೂ ಬರುತ್ತಿವೆ. ನಾನು ಯಾವ ಮ್ಯಾಕ್ರೋವನ್ನೂ ಬರೆದಿಲ್ಲ, ಎಸ್‌ಟಿಡಿ ಎಂದು ಮುಂದೆ ಸ್ಪಷ್ಟವಾಗಿ ಹೇಳಿಯೂ ಇದ್ದೇನೆ. ವಿಂಡೋಸ್.ಎಚ್ ಅನ್ನು ಎಲ್ಲಕ್ಕಿಂತ ಕೊನೆಗೆ ಹಾಕು ಎಂದು ಸಹಪಾಠಿ ಹೇಳಿದರು. ಅವರ ಪ್ರಾಜೆಕ್ಟಿನಲ್ಲಿ ಅದರಿಂದ ಸರಿಹೋಯಿತಂತೆ, ನನ್ನದರಲ್ಲಿ ಹೋಗಲಿಲ್ಲ. ಯಾಕೆ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ನೀವು ಬರೆಯದಿದ್ದರೂ ವಿಂಡೋಸ್.ಎಚ್ ತನ್ನೊಳಗೆ ಸೇರಿಸಿಕೊಳ್ಳುವ ಹೆಡರ್‌ಗಳಲ್ಲೊಂದು ಆ ಮ್ಯಾಕ್ರೋವನ್ನು ಬರೆದಿಟ್ಟಿದೆ. ಅದರ ರೂಪ ಹೀಗಿದೆ:

#ಡಿಫೈನ್ ಮ್ಯಾಕ್ಸ್(ಎ,ಬಿ) (((ಎ) > (ಬಿ)) ? (ಎ) : (ಬಿ))

ಮಿನ್ ಎಂಬುದಕ್ಕೂ ಇಂಥದೇ ಒಂದು ಸಾಲಿದೆ. ಸಿ ಮತ್ತು ಸಿ++ನಲ್ಲಿ ಮ್ಯಾಕ್ರೋಗಳನ್ನು ನೋಡಿಕೊಳ್ಳುವುದು ಪ್ರಿಪ್ರೊಸೆಸರ್. ಅದು ಕಂಪೈಲರಿನ ನಿಜವಾದ ಕೆಲಸ ಆರಂಭವಾಗುವ ಮೊದಲೇ ಫೈಲನ್ನು ಪದ ಪದವಾಗಿ ಓದಿಕೊಂಡು ಹೋಗುತ್ತದೆ, ಇನ್‌ಕ್ಲೂಡ್ ಎಂದಿರುವಲ್ಲಿ ಆ ಹೆಡರಿನ ಪಠ್ಯವನ್ನು ಇದ್ದಂತೆಯೇ ತಂದು ಸುರಿಯುತ್ತದೆ, ಮತ್ತು ಆ ಕ್ಷಣದಿಂದ ಫೈಲಿನ ಕೊನೆಯವರೆಗೆ ಮ್ಯಾಕ್ಸ್ ಎಂಬ ಪದದ ಮುಂದೆ ತೆರೆದ ಆವರಣ ಚಿಹ್ನೆ ಕಂಡಲ್ಲೆಲ್ಲ ಮೇಲಿನ ಸಾಲನ್ನು ತುಂಬುತ್ತದೆ. ನೇಮ್‌ಸ್ಪೇಸ್ (ಎಸ್‌ಟಿಡಿಯಂತೆ ಹೆಸರುಗಳನ್ನು ಬೇರೆ ಬೇರೆ ಇಡುವ ಗುಂಪು), ಕ್ಲಾಸ್, ಸ್ಕೋಪ್ ಇವು ಯಾವುವೂ ಅದಕ್ಕೆ ತಿಳಿಯವು, ಏಕೆಂದರೆ ಅವೆಲ್ಲ ಅದರ ನಂತರದ ಹಂತದ ವಿಚಾರ. ಪ್ರಿಪ್ರೊಸೆಸರ್ ಸಿ ಭಾಷೆಗೆ ಬಂದದ್ದು 1972-73ರ ಸುಮಾರಿಗೆ. ನೇಮ್‌ಸ್ಪೇಸ್ ಸಿ++ನ ಮಾನದಂಡದಲ್ಲಿ ಕಾಣಿಸಿಕೊಂಡದ್ದು 1998ರಲ್ಲಿ. ಹಳೆಯದಕ್ಕೆ ಹೊಸದರ ಪರಿಚಯವನ್ನು ಯಾರೂ ಮಾಡಿಕೊಡಲಿಲ್ಲ. ಹಾಗಾಗಿ ನೀವು ಎಸ್‌ಟಿಡಿ ಎಂದು ಎಷ್ಟೇ ಒತ್ತಿ ಬರೆದರೂ ಪ್ರಿಪ್ರೊಸೆಸರಿನ ಕಣ್ಣಿಗೆ ಬೀಳುವುದು ಮ್ಯಾಕ್ಸ್ ಮತ್ತು ಅದರ ಮುಂದಿನ ಆವರಣ ಮಾತ್ರ. ಒಳಗೆ ಏನೂ ಇಲ್ಲದ್ದರಿಂದ ಎ ಮತ್ತು ಬಿ ಎರಡೂ ಖಾಲಿಯಾಗಿ, ಕಂಪೈಲರಿನ ಕೈಗೆ ಹೋಗುವ ಸಾಲು ಹೀಗಿರುತ್ತದೆ:

ಎಸ್‌ಟಿಡಿ::ನ್ಯೂಮರಿಕ್_ಲಿಮಿಟ್ಸ್<ಇಂಟ್>::((() > ()) ? () : ())

ಇದನ್ನು ನೋಡಿದ ಮೇಲೆ ನಿಮಗೆ ಬಂದ ದೋಷಗಳ ಸಾಲಿನಲ್ಲಿ ಅಚ್ಚರಿಪಡುವಂಥದ್ದು ಏನೂ ಉಳಿಯುವುದಿಲ್ಲ.

ಸಹಪಾಠಿಯ ಸಲಹೆಯ ವಿಚಾರ. ಮ್ಯಾಕ್ರೋ ತನ್ನ ಡಿಫೈನ್ ಸಾಲಿನ ನಂತರ ಬರುವ ಪಠ್ಯವನ್ನಷ್ಟೇ ಬದಲಾಯಿಸುತ್ತದೆ, ಹಿಂದಿನದನ್ನು ಮುಟ್ಟುವುದಿಲ್ಲ. ಅವರ ಪ್ರಾಜೆಕ್ಟಿನಲ್ಲಿ ಮ್ಯಾಕ್ಸ್ ಬಳಕೆ ಯಾವುದೋ ಹೆಡರಿನೊಳಗಿನ ಟೆಂಪ್ಲೇಟಿನಲ್ಲಿ ಇದ್ದಿರಬೇಕು. ಆ ಹೆಡರ್ ಮೊದಲು ಬಂದು ವಿಂಡೋಸ್.ಎಚ್ ನಂತರ ಬಂದರೆ ಅದು ಪಾರಾಗುತ್ತದೆ. ನಿಮ್ಮ ಬಳಕೆ ಇರುವುದು ಎಲ್ಲ ಇನ್‌ಕ್ಲೂಡ್‌ಗಳಿಗಿಂತ ಕೆಳಗೆ, ನಿಮ್ಮದೇ ಫಂಕ್ಷನ್ನಿನಲ್ಲಿ. ಇನ್‌ಕ್ಲೂಡ್‌ಗಳನ್ನು ಹೇಗೆ ಹಿಂದುಮುಂದು ಮಾಡಿದರೂ ಅದು ಮ್ಯಾಕ್ರೋದ ನಂತರವೇ ಉಳಿಯುತ್ತದೆ. ಸಹಪಾಠಿಯ ಪ್ರಾಜೆಕ್ಟಿನಲ್ಲೂ ಪರಿಹಾರ ಆಗಿಲ್ಲ ಎಂದೇ ನಮ್ಮ ಅಭಿಪ್ರಾಯ. ಸಾಲುಗಳ ಕ್ರಮ ಬದಲಿಸಿದ್ದರಿಂದ ಹೋದ ದೋಷ, ನಾಳೆ ಇನ್ನೊಬ್ಬರು ಇನ್‌ಕ್ಲೂಡ್‌ಗಳನ್ನು ಅಕಾರಾದಿಯಾಗಿ ಜೋಡಿಸಿದ ದಿನ ಮರಳಿ ಬರುತ್ತದೆ.

ಮೈಕ್ರೋಸಾಫ್ಟ್ ಇದಕ್ಕೆಂದೇ ಒಂದು ಬಾಗಿಲು ಇಟ್ಟಿದೆ. ನೋಮಿನ್‌ಮ್ಯಾಕ್ಸ್ ಎಂಬ ಹೆಸರನ್ನು, ಎಲ್ಲವೂ ದೊಡ್ಡಕ್ಷರದಲ್ಲಿ ಮತ್ತು ಒಂದೇ ಪದವಾಗಿ, ವಿಂಡೋಸ್.ಎಚ್‌ಗಿಂತ ಮೊದಲು ಡಿಫೈನ್ ಮಾಡಿದರೆ ಆ ಎರಡು ಮ್ಯಾಕ್ರೋಗಳು ಹುಟ್ಟುವುದೇ ಇಲ್ಲ. ಅದನ್ನು ಫೈಲಿನ ತಲೆಯಲ್ಲಿ ಬರೆಯುವ ಬದಲು ಪ್ರಾಜೆಕ್ಟಿನ ಪ್ರಿಪ್ರೊಸೆಸರ್ ಸೆಟ್ಟಿಂಗಿನಲ್ಲಿ ಕೊಡುವುದು ಲೇಸು. ಬೇರೊಂದು ಹೆಡರಿನ ಮೂಲಕ ವಿಂಡೋಸ್.ಎಚ್ ಮೊದಲೇ ಒಳಗೆ ಬಂದಿದ್ದರೆ ನೀವು ಆಮೇಲೆ ಬರೆದ ಸಾಲಿಗೆ ಬೆಲೆಯಿರುವುದಿಲ್ಲ. ಸೆಟ್ಟಿಂಗನ್ನು ಮುಟ್ಟುವಂತಿಲ್ಲದ ಕಡೆ ಹೆಸರನ್ನೇ ಆವರಣದಲ್ಲಿಟ್ಟು (ಎಸ್‌ಟಿಡಿ::ನ್ಯೂಮರಿಕ್_ಲಿಮಿಟ್ಸ್<ಇಂಟ್>::ಮ್ಯಾಕ್ಸ್)() ಎಂದು ಬರೆಯಬಹುದು: ಈಗ ಮ್ಯಾಕ್ಸ್ ಪದದ ಮುಂದೆ ಇರುವುದು ಮುಚ್ಚುವ ಆವರಣವಾದ್ದರಿಂದ ಮ್ಯಾಕ್ರೋ ಕೆರಳುವುದಿಲ್ಲ. ನೋಡಲು ವಿಕಾರವಾದರೂ ಮೈಕ್ರೋಸಾಫ್ಟಿನ ಸ್ವಂತ ಸಿ++ ಲೈಬ್ರರಿಯ ಹೆಡರ್‌ಗಳು ಇದೇ ಉಪಾಯದಿಂದ ತಮ್ಮನ್ನು ಕಾಪಾಡಿಕೊಂಡಿವೆ. ನೋಮಿನ್‌ಮ್ಯಾಕ್ಸ್ ಹಾಕಿದ ಮೇಲೆ ಚಿತ್ರ ಬಿಡಿಸಲು ವಿಂಡೋಸಿನಲ್ಲಿರುವ ಜಿಡಿಐ ಪ್ಲಸ್ ಲೈಬ್ರರಿಯ ಹೆಡರುಗಳು ಮುನಿಸಿಕೊಂಡರೆ ಗಾಬರಿಯಾಗಬೇಡಿ. ಅವು ಆ ಮ್ಯಾಕ್ರೋಗಳನ್ನೇ ನೆಚ್ಚಿಕೊಂಡು ಬರೆದ ಹಳೆಯ ಹೆಡರುಗಳು, ಅವುಗಳ ನೇಮ್‌ಸ್ಪೇಸಿನೊಳಗೆ ಎಸ್‌ಟಿಡಿಯ ಮಿನ್ ಮತ್ತು ಮ್ಯಾಕ್ಸ್‌ಗಳನ್ನು ಮೊದಲೇ ಯೂಸಿಂಗ್ ಮೂಲಕ ಒದಗಿಸಿದರೆ ಸಾಕು.

ಪ್ರಶ್ನೆ: ಸಿ++20ರಲ್ಲಿ ಬಂದಿರುವ ಮಾಡ್ಯೂಲುಗಳಿಂದ ಇಂಥ ಮ್ಯಾಕ್ರೋ ಕಾಟ ಪೂರ್ತಿ ತೀರುತ್ತದೆ ಎಂದು ನಮ್ಮ ಆಫೀಸಿನಲ್ಲಿ ಚರ್ಚೆ ನಡೆಯಿತು. ನಿಜವೇ?
— ಸಾಫ್ಟ್‌ವೇರ್ ಉದ್ಯೋಗಿ, ಮೈಸೂರು

ಉತ್ತರ: ಅರ್ಧ ನಿಜ. ಇಂಪೋರ್ಟ್ ಎಂಬ ಒಂದೇ ಪದದ ಹಿಂದೆ ಅಲ್ಲಿ ಎರಡು ಬಗೆಗಳಿವೆ. ಹೆಸರಿಟ್ಟ ಮಾಡ್ಯೂಲನ್ನು ಆಮದು ಮಾಡಿಕೊಂಡಾಗ ಅದರೊಳಗಿನ ಮ್ಯಾಕ್ರೋಗಳು ಒಂದೂ ಹೊರಗೆ ಬರುವುದಿಲ್ಲ. ಇದು ಎಷ್ಟು ಕಟ್ಟುನಿಟ್ಟು ಎಂದರೆ, ಸಿ++23ರಲ್ಲಿ ಇಂಪೋರ್ಟ್ ಎಸ್‌ಟಿಡಿ ಎಂದು ಇಡೀ ಲೈಬ್ರರಿಯನ್ನು ತರಿಸಿಕೊಂಡರೂ ಅಸರ್ಟ್ ಸಿಗುವುದಿಲ್ಲ, ಏಕೆಂದರೆ ಅಸರ್ಟ್ ಒಂದು ಮ್ಯಾಕ್ರೋ; ಅದಕ್ಕಾಗಿ ಹಳೆಯ ರೀತಿಯಲ್ಲೇ ಸಿಅಸರ್ಟ್ ಹೆಡರನ್ನು ಇನ್‌ಕ್ಲೂಡ್ ಮಾಡಬೇಕು.

ಎರಡನೆಯದು ಹೆಡರ್ ಯೂನಿಟ್, ಅಂದರೆ ಹಳೆಯ ಹೆಡರ್ ಫೈಲನ್ನೇ ಇಂಪೋರ್ಟ್ ಮಾಡುವ ಕ್ರಮ. ಹಳೆಯ ಕೋಡಿಗೆ ಸೇತುವಾಗಬೇಕೆಂಬ ಉದ್ದೇಶದಿಂದ ಇದರಲ್ಲಿ ಮ್ಯಾಕ್ರೋಗಳನ್ನು ಹೊರಗೆ ಬಿಟ್ಟುಕೊಟ್ಟಿದ್ದಾರೆ, ಹಾಗಾಗಿ ತಕರಾರೂ ಜೊತೆಗೇ ಬರುತ್ತದೆ. ಆದರೆ ಒಂದು ದೊಡ್ಡ ಸುಧಾರಣೆ ಇದೆ. ಎರಡು ಹೆಡರ್ ಯೂನಿಟ್‌ಗಳು ಒಂದೇ ಹೆಸರಿನ ಮ್ಯಾಕ್ರೋಗೆ ಬೇರೆ ಬೇರೆ ಅರ್ಥ ಕೊಟ್ಟಿದ್ದರೆ, ಯಾವುದನ್ನು ಮೊದಲು ಇಂಪೋರ್ಟ್ ಮಾಡಿದಿರಿ ಎಂಬುದರ ಮೇಲೆ ಏನೂ ನಿಂತಿಲ್ಲ. ಆ ಹೆಸರನ್ನು ಬಳಸಿದ ಜಾಗದಲ್ಲಿ ದೋಷ ಬರುತ್ತದೆ, ಬಳಸದಿದ್ದರೆ ಇಲ್ಲ. ಇನ್‌ಕ್ಲೂಡ್‌ನ ಕಾಲದಲ್ಲಿ ಎರಡನೆಯ ಡಿಫೈನ್ ಬಂದಾಗ ಜಿಸಿಸಿಯಂಥ ಕಂಪೈಲರ್ ಮರುವ್ಯಾಖ್ಯೆ ಆಗಿದೆ ಎಂದು ಎಚ್ಚರಿಸಿ, ಕೊನೆಗೆ ಬಂದದ್ದನ್ನೇ ಇಟ್ಟುಕೊಂಡು ಮುಂದೆ ಹೋಗಿಬಿಡುತ್ತಿತ್ತು. ಅದಕ್ಕಿಂತ ಇದು ಮೇಲು.

ವಲಸೆ ಹೋಗುವಾಗ ಒಂದನ್ನು ಗಮನಿಸಿ. ಹೆಡರ್ ಯೂನಿಟ್ ತನ್ನಷ್ಟಕ್ಕೆ ಪ್ರತ್ಯೇಕವಾಗಿ ಕಂಪೈಲ್ ಆಗುವುದರಿಂದ, ಇಂಪೋರ್ಟ್ ಸಾಲಿನ ಮೇಲೆ ನೀವು ಬರೆದ ಡಿಫೈನ್ ಅದರೊಳಗೆ ಇಳಿಯುವುದಿಲ್ಲ. ದಾವಣಗೆರೆಯ ಓದುಗರಿಗೆ ಹೇಳಿದ ನೋಮಿನ್‌ಮ್ಯಾಕ್ಸ್‌ನಂಥ ಸ್ವಿಚ್ಚುಗಳನ್ನು ಆ ಹೆಡರನ್ನು ಕಂಪೈಲ್ ಮಾಡುವ ಆಜ್ಞೆಯಲ್ಲೇ ಕೊಡಬೇಕಾಗುತ್ತದೆ.

ಪ್ರಶ್ನೆ: ಆರ್ಡುಯಿನೋ ಉನೋ ಬೋರ್ಡಿನಲ್ಲಿ ಎರಡು ಬಟನ್‌ಗಳಿಗೆ ಬಿ1, ಬಿ2 ಎಂದು ವೇರಿಯಬಲ್ ಹೆಸರಿಟ್ಟೆ. ಬಿ2ಗೆ ಏನೂ ತೊಂದರೆಯಿಲ್ಲ, ಬಿ1ಗೆ ಮಾತ್ರ, ಸಂಖ್ಯೆಗಿಂತ ಮೊದಲು ಹೆಸರು ಇರಬೇಕಿತ್ತು ಎಂಬ ದೋಷ. ನಾನು ಯಾವ ಲೈಬ್ರರಿಯನ್ನೂ ಸೇರಿಸಿಲ್ಲ.
— ಪಿಯುಸಿ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ನೀವು ಸೇರಿಸಿಲ್ಲ, ಆದರೆ ಆರ್ಡುಯಿನೋ ಐಡಿಇ ಪ್ರತಿ ಸ್ಕೆಚ್ಚಿನ ತಲೆಗೂ ಆರ್ಡುಯಿನೋ.ಎಚ್ ಅನ್ನು ನಿಮ್ಮನ್ನು ಕೇಳದೆ ಸೇರಿಸುತ್ತದೆ. ಉನೋದಂಥ ಎವಿಆರ್ ಚಿಪ್ಪಿನ ಬೋರ್ಡುಗಳಲ್ಲಿ ಆ ಹೆಡರ್ ಬೈನರಿ.ಎಚ್ ಎಂಬ ಇನ್ನೊಂದನ್ನು ಎಳೆದುಕೊಂಡು ಬರುತ್ತದೆ. ಅದರ ತುಂಬ ಬಿ ಅಕ್ಷರದ ಮುಂದೆ ಸೊನ್ನೆ ಮತ್ತು ಒಂದುಗಳನ್ನಿಟ್ಟ ಮ್ಯಾಕ್ರೋಗಳಿವೆ: ಬಿ0 ಅಂದರೆ 0, ಬಿ1 ಅಂದರೆ 1, ಬಿ10 ಅಂದರೆ 2, ಬಿ101 ಅಂದರೆ 5, ಹೀಗೆ ಬಿ11111111ರವರೆಗೆ. ದ್ವಿಮಾನ ಸಂಖ್ಯೆ ಬರೆಯಲು ಅನುಕೂಲವಾಗಲಿ ಎಂದು ಮಾಡಿದ ಏರ್ಪಾಡು ಇದು. ಇಂಟ್ ಬಿ1 = 7 ಎಂದು ನೀವು ಬರೆದದ್ದು ಕಂಪೈಲರಿಗೆ ತಲುಪುವಾಗ ಇಂಟ್ 1 = 7 ಆಗಿರುತ್ತದೆ. ದ್ವಿಮಾನದಲ್ಲಿ 2 ಎಂಬ ಅಂಕಿಯೇ ಇಲ್ಲದ್ದರಿಂದ ಬಿ2 ಉಳಿದುಕೊಂಡಿತು. ಬಟನ್1, ಬಟನ್2 ಎಂದು ಹೆಸರಿಡಿ. ಓದಲೂ ಅದೇ ಚೆನ್ನ.

ಏನನ್ನೂ ಇನ್‌ಕ್ಲೂಡ್ ಮಾಡದಿದ್ದರೂ ಇಂಥದ್ದು ಆಗುವುದುಂಟು. ಲಿನಕ್ಸ್ ಯಂತ್ರದಲ್ಲಿ ಜಿಸಿಸಿ ತನ್ನ ರೂಢಿಯ ಸ್ಥಿತಿಯಲ್ಲಿ ಲಿನಕ್ಸ್ ಮತ್ತು ಯುನಿಕ್ಸ್ ಎಂಬ ಸಣ್ಣಕ್ಷರದ ಹೆಸರುಗಳನ್ನು 1 ಎಂದು ತಾನೇ ಡಿಫೈನ್ ಮಾಡಿಕೊಂಡಿರುತ್ತದೆ, ಆದ್ದರಿಂದ ಲಿನಕ್ಸ್ ಎಂಬ ವೇರಿಯಬಲ್ ಅಲ್ಲಿ ಸಾಧ್ಯವಿಲ್ಲ. ಮಾನದಂಡವನ್ನು ಸಿ11 ಎಂದು ಗಟ್ಟಿಯಾಗಿ ಹೇಳಿ ಕಂಪೈಲ್ ಮಾಡಿದರೆ ಆ ಹೆಸರುಗಳು ಮಾಯವಾಗುತ್ತವೆ. ಒಂದು ಫೈಲಿನ ಕೊನೆಯ ಹೊತ್ತಿಗೆ ಯಾವ ಯಾವ ಮ್ಯಾಕ್ರೋಗಳು ಜಾರಿಯಲ್ಲಿವೆ ಎಂದು ತಿಳಿಯಬೇಕಾದರೆ ಜಿಸಿಸಿಗೆ ದೊಡ್ಡಕ್ಷರದ -ಇ ಮತ್ತು -ಡಿಎಂ (ಡಿ ಸಣ್ಣದು, ಎಂ ದೊಡ್ಡದು) ಎಂಬ ಎರಡು ಆಯ್ಕೆಗಳನ್ನು ಕೊಡಿ. ಪೂರ್ತಿ ಪಟ್ಟಿಯನ್ನು ಅದು ತೆರೆಯ ಮೇಲೆ ಸುರಿಯುತ್ತದೆ. ನೀವೇನೂ ಬರೆಯದ ಖಾಲಿ ಫೈಲಿಗೂ ಬರುವ ಪಟ್ಟಿಯ ಉದ್ದ ನೋಡುವಂಥದ್ದು.

ಪ್ರಶ್ನೆ: ಕ್ಯೂಟಿ ಎಂಬ ಸಿ++ ಲೈಬ್ರರಿ ಬಳಸಿ ಬರೆದ ನಮ್ಮ ಅಪ್ಲಿಕೇಶನ್ನಿನೊಳಗೆ ಪೈಥಾನ್ ಸ್ಕ್ರಿಪ್ಟ್ ಓಡಿಸಲು ಪೈಥಾನ್.ಎಚ್ ಸೇರಿಸಿದೆವು. ದೋಷ ಬರುತ್ತಿರುವುದು ನಮ್ಮ ಕೋಡಿನಲ್ಲಲ್ಲ, ಪೈಥಾನಿನ ಆಬ್ಜೆಕ್ಟ್.ಎಚ್ ಎಂಬ ಹೆಡರಿನಲ್ಲಿ. ಪೈಥಾನಿನ ಹೆಡರಿನಲ್ಲೇ ತಪ್ಪಿರಲು ಸಾಧ್ಯವೇ?
— ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಉತ್ತರ: ಪೈಥಾನಿನ ಹೆಡರಿನಲ್ಲಿ ತಪ್ಪಿಲ್ಲ, ಕ್ಯೂಟಿಯದರಲ್ಲೂ ನಿಯಮದ ಪ್ರಕಾರ ತಪ್ಪಿಲ್ಲ; ಎರಡೂ ಒಂದೇ ಫೈಲಿನಲ್ಲಿ ಸೇರಿದಾಗ ಜಗಳ. ಆಬ್ಜೆಕ್ಟ್.ಎಚ್‌ನಲ್ಲಿರುವ ಪೈಟೈಪ್_ಸ್ಪೆಕ್ ಎಂಬ ಸ್ಟ್ರಕ್ಚರಿನ ಒಂದು ಸದಸ್ಯದ ಹೆಸರು ಸ್ಲಾಟ್ಸ್. ಕ್ಯೂಟಿಯಲ್ಲಿ ಸಿಗ್ನಲ್ಸ್, ಸ್ಲಾಟ್ಸ್, ಎಮಿಟ್ ಎಂಬವು ಭಾಷೆಯ ಪದಗಳಂತೆ ಕಂಡರೂ ಅಸಲಿಗೆ ಮ್ಯಾಕ್ರೋಗಳು. ಕ್ಯೂಟಿಯ ಎಂಒಸಿ ಎಂಬ ಸಾಧನ ಆ ಪದಗಳನ್ನು ಗುರುತು ಹಿಡಿದು ತನ್ನ ಕೋಡನ್ನು ಹುಟ್ಟಿಸುತ್ತದೆ. ಮಾಮೂಲಿ ಕಂಪೈಲರಿಗೆ ಸ್ಲಾಟ್ಸ್ ಎಂಬುದು ಕಾಣಲೇಬಾರದು, ಆದ್ದರಿಂದ ಅದನ್ನು ಶೂನ್ಯವಾಗಿ ಡಿಫೈನ್ ಮಾಡಿದ್ದಾರೆ. ಕ್ಯೂಟಿಯ ಹೆಡರ್ ಮೊದಲು ಬಂದರೆ, ಪೈಥಾನಿನ ಸ್ಟ್ರಕ್ಚರಿನಲ್ಲಿ ಬಗೆಯ ಹೆಸರು, ನಕ್ಷತ್ರ ಚಿಹ್ನೆ, ಅರ್ಧವಿರಾಮ ಇಷ್ಟು ಉಳಿದು ಸದಸ್ಯದ ಹೆಸರೇ ಇಲ್ಲವಾಗುತ್ತದೆ.

ಇಲ್ಲಿ ಕ್ರಮ ಬದಲಿಸುವುದಕ್ಕೆ ಒಂದು ಸಮರ್ಥನೆ ಉಂಟು: ಪೈಥಾನಿನ ಅಧಿಕೃತ ದಾಖಲೆಯೇ ಪೈಥಾನ್.ಎಚ್ ಅನ್ನು ಎಲ್ಲ ಸ್ಟ್ಯಾಂಡರ್ಡ್ ಹೆಡರ್‌ಗಳಿಗಿಂತ ಮೊದಲು ಹಾಕಬೇಕೆಂದು ಹೇಳುತ್ತದೆ. ಹಾಗಿದ್ದರೂ ದೊಡ್ಡ ಪ್ರಾಜೆಕ್ಟಿನಲ್ಲಿ ಅದನ್ನೊಂದನ್ನೇ ನೆಚ್ಚಿಕೊಳ್ಳಬೇಡಿ. ಕ್ಯೂಟಿ_ನೋ_ಕೀವರ್ಡ್ಸ್ ಎಂಬುದನ್ನು ಬಿಲ್ಡ್ ಸೆಟ್ಟಿಂಗಿನಲ್ಲಿ ಹಾಕಿದರೆ ಸಣ್ಣಕ್ಷರದ ಆ ಹೆಸರುಗಳು ಹೋಗಿ, ಕ್ಯೂ_ಸಿಗ್ನಲ್ಸ್, ಕ್ಯೂ_ಸ್ಲಾಟ್ಸ್, ಕ್ಯೂ_ಎಮಿಟ್ ಎಂಬ ದೊಡ್ಡಕ್ಷರದ ರೂಪಗಳಷ್ಟೇ ಉಳಿಯುತ್ತವೆ. ಹಳೆಯ ಫೈಲುಗಳಲ್ಲಿ ಅವನ್ನೆಲ್ಲ ಬದಲಾಯಿಸುವುದು ಬೇಸರದ ಕೆಲಸ, ಆದರೆ ಒಂದು ಸಲದ ಕೆಲಸ. ನೀವು ಲೈಬ್ರರಿ ಬರೆದು ಬೇರೆಯವರಿಗೆ ಕೊಡುವವರಾದರೆ ಇದು ಆಯ್ಕೆಯಲ್ಲ, ಕರ್ತವ್ಯ. ನಿಮ್ಮ ಹೆಡರನ್ನು ಯಾರು ಯಾವುದರ ಜೊತೆ ಸೇರಿಸುತ್ತಾರೋ ನಿಮಗೆ ಗೊತ್ತಾಗುವುದಿಲ್ಲ.

ಎರಡರಲ್ಲಿ ಒಂದನ್ನೂ ಮಾಡಲಾಗದ ಇಕ್ಕಟ್ಟಿನಲ್ಲಿ ಪ್ರಾಗ್ಮಾ ಪುಶ್_ಮ್ಯಾಕ್ರೋ ಇದೆ. ಸ್ಲಾಟ್ಸ್ ಎಂಬುದರ ಈಗಿನ ಅರ್ಥವನ್ನು ಅದರಿಂದ ಎತ್ತಿಟ್ಟು, ಅನ್‌ಡೆಫ್ ಮಾಡಿ, ಪೈಥಾನ್.ಎಚ್ ಸೇರಿಸಿ, ಪಾಪ್_ಮ್ಯಾಕ್ರೋದಿಂದ ಹಳೆಯ ಅರ್ಥವನ್ನು ಮರಳಿ ತರಬಹುದು. ಮಾನದಂಡದಲ್ಲಿ ಇಲ್ಲದಿದ್ದರೂ ಜಿಸಿಸಿ, ಕ್ಲ್ಯಾಂಗ್, ಮೈಕ್ರೋಸಾಫ್ಟ್ ಮೂರೂ ಇದನ್ನು ಒಪ್ಪುತ್ತವೆ. ಲಿನಕ್ಸಿನಲ್ಲಿ ಎಕ್ಸ್11 ಎಂಬ ವಿಂಡೋ ವ್ಯವಸ್ಥೆಯ ಹೆಡರ್‌ಗಳನ್ನೂ ಬಳಸುವವರಾದರೆ ಮುಂದೆ ನಿಮಗೆ ಇದು ಬೇಕಾಗಬಹುದು. ಅವು ನನ್, ಬೂಲ್, ಸ್ಟೇಟಸ್, ಸಕ್ಸೆಸ್‌ನಂಥ ದಿನಬಳಕೆಯ ಪದಗಳನ್ನೇ ಮ್ಯಾಕ್ರೋ ಮಾಡಿಕೊಂಡು ಕುಳಿತಿವೆ.

ಪ್ರಶ್ನೆ: ರಸ್ಟ್ ಭಾಷೆಯಲ್ಲಿ ಬರೆದ ಸರ್ವಿಸನ್ನು ಲಾಗ್ ಎಂಬ ಕ್ರೇಟಿನಿಂದ (ರಸ್ಟಿನ ಲೈಬ್ರರಿಗೆ ಕ್ರೇಟ್ ಎನ್ನುತ್ತಾರೆ) ಟ್ರೇಸಿಂಗ್ ಕ್ರೇಟಿಗೆ ಹಂತ ಹಂತವಾಗಿ ಬದಲಿಸುತ್ತಿದ್ದೇವೆ. ಎರಡರಲ್ಲೂ ಇನ್ಫೋ! ಮ್ಯಾಕ್ರೋ ಇರುವುದರಿಂದ ಎರಡನ್ನೂ ಯೂಸ್ ಮಾಡಿದ ಫೈಲಿನಲ್ಲಿ ಇ0252 ದೋಷ ಬರುತ್ತಿದೆ. ರಸ್ಟಿನ ಮ್ಯಾಕ್ರೋಗಳು ಹೈಜೀನಿಕ್ ಎಂದು ಓದಿದ್ದೆ. ಹಾಗಿದ್ದ ಮೇಲೆ ಡಿಕ್ಕಿ ಏಕೆ?
— ಕನ್ನಡಿಗ ಎಂಜಿನಿಯರ್, ಬರ್ಲಿನ್

ಉತ್ತರ: ಹೈಜೀನ್ ಕಾಯುವುದು ಬೇರೊಂದು ಬಾಗಿಲನ್ನು. ಮ್ಯಾಕ್ರೋ ವಿಸ್ತಾರಗೊಂಡಾಗ ಅದರೊಳಗೆ ಹುಟ್ಟುವ ಲೋಕಲ್ ವೇರಿಯಬಲ್, ಅದನ್ನು ಕರೆದವರ ಅದೇ ಹೆಸರಿನ ವೇರಿಯಬಲ್ಲಿನೊಡನೆ ಬೆರೆಯದಂತೆ ಅದು ನೋಡಿಕೊಳ್ಳುತ್ತದೆ. ನಿಮ್ಮ ತೊಂದರೆ ಮ್ಯಾಕ್ರೋದ ಒಳಗಿನ ಹೆಸರಿನದಲ್ಲ, ಮ್ಯಾಕ್ರೋದ ಹೆಸರಿನದೇ. ಇನ್ಫೋ ಎಂಬ ಒಂದು ಹೆಸರು ಒಂದು ಮಾಡ್ಯೂಲಿನಲ್ಲಿ ಎರಡು ಮ್ಯಾಕ್ರೋಗಳನ್ನು ಸೂಚಿಸುವಂತಿಲ್ಲ. ದೋಷ ಸಂದೇಶವನ್ನು ಪೂರ್ತಿ ಓದಿದರೆ, ಈ ಮಾಡ್ಯೂಲಿನ ಮ್ಯಾಕ್ರೋ ನೇಮ್‌ಸ್ಪೇಸಿನಲ್ಲಿ ಇನ್ಫೋ ಒಂದೇ ಸಲ ಇರಬೇಕು ಎಂದು ಅದು ಹೇಳುವುದನ್ನು ಕಾಣುತ್ತೀರಿ. ಮ್ಯಾಕ್ರೋ ನೇಮ್‌ಸ್ಪೇಸ್ ಎಂಬ ಮಾತು ಮುಖ್ಯ: ರಸ್ಟಿನಲ್ಲಿ ಬಗೆಗಳಿಗೆ, ಮೌಲ್ಯಗಳಿಗೆ, ಮ್ಯಾಕ್ರೋಗಳಿಗೆ ಬೇರೆ ಬೇರೆ ಹೆಸರಿನ ಖಾತೆಗಳಿವೆ. ಆದ್ದರಿಂದಲೇ ವೆಕ್ ಎಂಬ ಮಾಡ್ಯೂಲೂ ವೆಕ್! ಎಂಬ ಮ್ಯಾಕ್ರೋವೂ ತಂಟೆಯಿಲ್ಲದೆ ಒಟ್ಟಿಗೆ ಇವೆ. ಕಾಮನ್ ಲಿಸ್ಪಿನಲ್ಲಿ ಹೀಗಲ್ಲ. ಅಲ್ಲಿ ಡಿಕ್ಕಿಯಾಗುವುದು ಪ್ಯಾಕೇಜಿನ ಸಿಂಬಲ್‌ಗಳ ನಡುವೆ, ಆದ್ದರಿಂದ ಒಂದು ಪ್ಯಾಕೇಜಿನ ವೇರಿಯಬಲ್ ಹೆಸರೂ ಇನ್ನೊಂದರ ಮ್ಯಾಕ್ರೋ ಹೆಸರೂ ಒಂದೇ ಆದರೂ ಯೂಸ್-ಪ್ಯಾಕೇಜ್ ತಡೆಯುತ್ತದೆ.

ನಿಮಗೆ ಮೂರು ದಾರಿಗಳಿವೆ, ಮೂರೂ ಸುಲಭ. ಒಂದನ್ನು ಯೂಸ್ ಮಾಡದೆ ಲಾಗ್::ಇನ್ಫೋ! ಎಂದು ಪೂರ್ತಿ ದಾರಿ ಹೇಳಿ ಕರೆಯಬಹುದು. ಅಥವಾ ಆ್ಯಸ್ ಬಳಸಿ ಒಂದಕ್ಕೆ ಆ ಫೈಲಿನ ಮಟ್ಟಿಗೆ ಹಳೆ_ಇನ್ಫೋ ಎಂಬಂಥ ಬೇರೆ ಹೆಸರು ಕೊಡಬಹುದು. ಆ ದೋಷ ಸಂದೇಶವೇ ಇದನ್ನು ಸೂಚಿಸುತ್ತದೆ. ನಿಮ್ಮ ಸಂದರ್ಭದಲ್ಲಿ ನಾವು ಮೂರನೆಯದನ್ನು ಹೇಳುತ್ತೇವೆ: ಒಂದು ಫೈಲಿನಲ್ಲಿ ಒಂದೇ ಕ್ರೇಟ್ ಇರಲಿ, ಇನ್ನೂ ಬದಲಾಗದ ಫೈಲುಗಳ ಲಾಗ್ ದಾಖಲೆಗಳನ್ನು ಟ್ರೇಸಿಂಗ್-ಲಾಗ್ ಕ್ರೇಟಿನ ಲಾಗ್‌ಟ್ರೇಸರ್ ಮೂಲಕ ಟ್ರೇಸಿಂಗ್ ಕಡೆಗೆ ಹರಿಸಿ. ಆಗ ಎರಡು ಇನ್ಫೋಗಳು ಎದುರುಬದುರಾಗುವ ಸಂದರ್ಭವೇ ಬರುವುದಿಲ್ಲ.

ಹೊಸಬರಿಗೆ ಇದು ಸಹಜವೆನಿಸಬಹುದು, ಆದರೆ ರಸ್ಟಿನಲ್ಲೂ ಮೊದಲಿಂದ ಹೀಗಿರಲಿಲ್ಲ. ಕ್ರೇಟಿನ ಮೇಲೆ ಮ್ಯಾಕ್ರೋ_ಯೂಸ್ ಎಂದು ಬರೆದರೆ ಅದರ ಮ್ಯಾಕ್ರೋಗಳೆಲ್ಲ ಗುಂಪಾಗಿ ಇಡೀ ಪ್ರೋಗ್ರಾಮಿಗೆ ನುಗ್ಗುತ್ತಿದ್ದವು, ಯಾವುದು ಎಲ್ಲಿಂದ ಬಂತೆಂದು ಫೈಲನ್ನು ನೋಡಿ ಹೇಳುವಂತಿರಲಿಲ್ಲ. ಸ್ಲಾಗ್ ಎಂಬ ಇನ್ನೊಂದು ಲಾಗಿಂಗ್ ಕ್ರೇಟ್ ತನ್ನ ಇನ್ಫೋ!ಗೆ ಸ್ಲಾಗ್_ಇನ್ಫೋ! ಎಂಬ ಅಡ್ಡಹೆಸರನ್ನೂ ಇಟ್ಟುಕೊಂಡದ್ದು ಲಾಗ್ ಕ್ರೇಟಿನೊಡನೆ ಡಿಕ್ಕಿಯಾಗದಿರಲೆಂದೇ. 2018ರ ಅಕ್ಟೋಬರಿನ 1.30 ಆವೃತ್ತಿಯಲ್ಲಿ ಮ್ಯಾಕ್ರೋಗಳನ್ನೂ ಬೇರೆ ಹೆಸರುಗಳಂತೆ ಯೂಸ್ ಮೂಲಕ ತರಿಸಿಕೊಳ್ಳುವ ಅವಕಾಶ ಬಂತು, ಅದೇ ಡಿಸೆಂಬರಿನ 2018ರ ಎಡಿಷನ್ನಿನೊಂದಿಗೆ ಅದೇ ರೂಢಿಯಾಯಿತು. ಆ ಬದಲಾವಣೆ ಲೈಬ್ರರಿ ಬರೆಯುವವರಿಗೆ ಒಂದು ತಲೆನೋವನ್ನೂ ತಂದಿತು. ನಿಮ್ಮ ಮ್ಯಾಕ್ರೋ ಒಳಗಡೆ ನಿಮ್ಮದೇ ಇನ್ನೊಂದು ಸಹಾಯಕ ಮ್ಯಾಕ್ರೋವನ್ನು ಕರೆಯುತ್ತದೆ ಎನ್ನಿ. ಬಳಕೆದಾರರು ಮೊದಲನೆಯದನ್ನು ಮಾತ್ರ ಹೆಸರಿಸಿ ಆಮದು ಮಾಡಿಕೊಂಡಿದ್ದರೆ ಎರಡನೆಯದು ಅವರ ಫೈಲಿನಲ್ಲಿ ಸಿಗದೆ ದೋಷ ಬರುತ್ತದೆ, ಅಥವಾ ಅವರದೇ ಫೈಲಿನಲ್ಲಿ ಆ ಹೆಸರಿನ ಬೇರೆ ಮ್ಯಾಕ್ರೋ ಇದ್ದರೆ ಅದನ್ನೇ ಕರೆದುಬಿಡುತ್ತದೆ. ಸಹಾಯಕ ಮ್ಯಾಕ್ರೋವನ್ನು ಯಾವಾಗಲೂ $ಕ್ರೇಟ್:: ಎಂಬ ಮುನ್ನುಡಿಯೊಂದಿಗೆ ಕರೆಯುವುದು ಇದಕ್ಕೆ ಮದ್ದು. ಎರಡನೆಯ ಬಗೆಯ ದೋಷ ಮೊದಲನೆಯದಕ್ಕಿಂತ ಕೆಟ್ಟದ್ದು, ಏಕೆಂದರೆ ಅಲ್ಲಿ ಕಂಪೈಲರ್ ಬಾಯಿ ಬಿಡದೆಯೂ ಇರಬಹುದು.

ಬೇಕೆಂದೇ ಮಾಡುವ ಡಿಕ್ಕಿಯೂ ಒಂದಿದೆ. ಪ್ರಿಟಿ_ಅಸರ್ಶನ್ಸ್ ಕ್ರೇಟ್ ತನ್ನ ಮ್ಯಾಕ್ರೋಗೆ ಭಾಷೆಯದೇ ಅಸರ್ಟ್_ಈಕ್ಯೂ! ಹೆಸರನ್ನು ಇಟ್ಟಿದೆ. ಅದನ್ನು ಹೆಸರಿಸಿ ಯೂಸ್ ಮಾಡಿದರೆ ಭಾಷೆಯೊಡನೆ ತಾನಾಗಿ ಬರುವ ಹೆಸರು ಹಿಂದೆ ಸರಿಯುತ್ತದೆ, ಟೆಸ್ಟುಗಳ ಒಂದು ಸಾಲನ್ನೂ ಮುಟ್ಟದೆ ಚೆಂದದ ಔಟ್‌ಪುಟ್ ಸಿಗುತ್ತದೆ.

ಪ್ರಶ್ನೆ: ಪ್ರೋಗ್ರಾಮಿಂಗ್ ಭಾಷೆಗಳ ತತ್ತ್ವವನ್ನು ಪಾಠ ಮಾಡುತ್ತೇನೆ. ಒಂದೇ ಹೆಸರಿನ ಎರಡು ಮ್ಯಾಕ್ರೋಗಳನ್ನು ಎರಡು ಮಾಡ್ಯೂಲುಗಳಿಂದ ಆಮದು ಮಾಡಿಕೊಂಡಾಗ ಬೇರೆ ಬೇರೆ ಭಾಷೆಗಳು ಏನು ಮಾಡುತ್ತವೆ, ಯಾವುದು ಸರಿ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಹೈಜೀನಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಸ್ವಲ್ಪ ಬಿಡಿಸಿ ಹೇಳಿ.
— ಕಾಲೇಜು ಉಪನ್ಯಾಸಕಿ, ಧಾರವಾಡ

ಉತ್ತರ: ವ್ಯತ್ಯಾಸವನ್ನು ಸಿ ಭಾಷೆಯ ಸ್ವಾಪ್ ಮ್ಯಾಕ್ರೋದಿಂದ ತೋರಿಸುವುದು ಸುಲಭ. ಎರಡು ವೇರಿಯಬಲ್ಲುಗಳ ಬೆಲೆಯನ್ನು ಅದಲುಬದಲು ಮಾಡಲು ಆ ಮ್ಯಾಕ್ರೋ ಟೆಂಪ್ ಎಂಬ ತನ್ನದೊಂದು ವೇರಿಯಬಲ್ ಮಾಡಿಕೊಳ್ಳುತ್ತದೆ. ಕರೆಯುವವರ ವೇರಿಯಬಲ್ಲಿನ ಹೆಸರೂ ಟೆಂಪ್ ಆಗಿದ್ದರೆ ಇಂಟ್ ಟೆಂಪ್ = ಟೆಂಪ್ ಎಂಬ ಸಾಲು ಹುಟ್ಟಿ, ಬೆಲೆ ಕಸವಾಗುತ್ತದೆ. ಇದನ್ನು ತಾನಾಗಿಯೇ ತಡೆಯುವ ವಿಧಾನವನ್ನು ಕೋಲ್‌ಬೆಕರ್, ಫ್ರೀಡ್‌ಮನ್, ಫೆಲೈಸನ್, ಡುಬಾ ಎಂಬ ನಾಲ್ವರು 1986ರ ಪ್ರಬಂಧವೊಂದರಲ್ಲಿ ಕೊಟ್ಟರು. ಹೈಜೀನ್ ಎಂದು ಕರೆಯುವುದು ಇದನ್ನೇ, ಮತ್ತು ಸ್ಕೀಮ್ ಭಾಷೆಯ 1998ರ ವರದಿಯಾದ ಆರ್5ಆರ್‌ಎಸ್‌ನಲ್ಲಿ ಅದು ಭಾಷೆಯ ಮುಖ್ಯ ಭಾಗವೇ ಆಯಿತು. ಆದರೆ ಇಬ್ಬರು ಬೇರೆ ಬೇರೆ ಮಾಡ್ಯೂಲುಗಳಲ್ಲಿ ಸ್ವಾಪ್ ಎಂಬ ಹೆಸರಿನಲ್ಲೇ ಮ್ಯಾಕ್ರೋ ಬರೆದು, ನೀವು ಎರಡನ್ನೂ ತರಿಸಿಕೊಂಡರೆ, ಯಾವ ಸ್ವಾಪ್ ಎಂಬ ಪ್ರಶ್ನೆಗೆ ಹೈಜೀನಿನಲ್ಲಿ ಉತ್ತರವಿಲ್ಲ. ಅದನ್ನು ಮಾಡ್ಯೂಲ್ ವ್ಯವಸ್ಥೆಯೇ ಹೇಳಬೇಕು.

ಸ್ಕೀಮಿನ ವಂಶದ ರ‍್ಯಾಕೆಟ್ ತುಂಬ ಕಟ್ಟುನಿಟ್ಟು. ಎರಡು ಮಾಡ್ಯೂಲುಗಳು ಒಂದೇ ಹೆಸರನ್ನು ಬೇರೆ ಬೇರೆ ಅರ್ಥದಲ್ಲಿ ಕೊಟ್ಟರೆ, ನೀವು ಆ ಹೆಸರನ್ನು ಬಳಸಲಿ ಬಿಡಲಿ, ರಿಕ್ವೈರ್ ಸಾಲಿನಲ್ಲೇ ಪ್ರೋಗ್ರಾಮ್ ನಿಲ್ಲುತ್ತದೆ. ಎರಡೂ ಕಡೆಯಿಂದ ಬಂದದ್ದು ಮೂಲದಲ್ಲಿ ಒಂದೇ ಮ್ಯಾಕ್ರೋ ಆಗಿದ್ದರೆ ಅದಕ್ಕೆ ಆಕ್ಷೇಪವಿಲ್ಲ, ಅಂದರೆ ಅದು ಹೋಲಿಸುವುದು ಬರಿಯ ಅಕ್ಷರಗಳನ್ನಲ್ಲ, ಹೆಸರಿನ ಹಿಂದಿರುವ ವಸ್ತುವನ್ನು. ಭಾಷೆಯೊಡನೆ ತಾನಾಗಿ ಬಂದ ಹೆಸರುಗಳನ್ನು ಮಾತ್ರ ನೀವು ಮರೆಮಾಡಬಹುದು. ಬಿಡಿಸಿಕೊಳ್ಳಲು ಓನ್ಲಿ-ಇನ್, ಎಕ್ಸೆಪ್ಟ್-ಇನ್, ರೀನೇಮ್-ಇನ್, ಪ್ರಿಫಿಕ್ಸ್-ಇನ್ ಎಂಬ ನಾಲ್ಕು ಸಲಕರಣೆಗಳಿವೆ. ಕೊನೆಯದು ಹಾಜರಿ ಪುಸ್ತಕದಲ್ಲಿ ಇಬ್ಬರು ಮಂಜುನಾಥರಿಗೆ ಬೇರೆ ಬೇರೆ ಇನಿಷಿಯಲ್ ಹಾಕಿದ ಹಾಗೆ, ಒಂದು ಮಾಡ್ಯೂಲಿನಿಂದ ಬಂದ ಎಲ್ಲ ಹೆಸರುಗಳಿಗೂ ನೀವು ಹೇಳಿದ ಅಕ್ಷರಗಳನ್ನು ಮುಂದೆ ಅಂಟಿಸುತ್ತದೆ.

ಎಲಿಕ್ಸರ್ ಇನ್ನೊಂದು ದಿಕ್ಕಿನದು. ಅಲ್ಲಿ ಮೊದಲನೆಯದಾಗಿ, ಒಂದು ಮಾಡ್ಯೂಲಿನ ಮ್ಯಾಕ್ರೋ ಬಳಸಬೇಕಾದರೆ ಅದನ್ನು ರಿಕ್ವೈರ್ ಮಾಡಲೇಬೇಕು, ಆದರೆ ರಿಕ್ವೈರ್ ಮಾಡಿದ ಮಾತ್ರಕ್ಕೆ ಬರಿಯ ಹೆಸರು ಒಳಗೆ ಬರುವುದಿಲ್ಲ. ಮಾಡ್ಯೂಲಿನ ಹೆಸರು ಸೇರಿಸಿಯೇ ಕರೆಯಬೇಕು. ಬರಿಯ ಹೆಸರು ಬೇಕೆಂದಾಗ ಮಾತ್ರ ಇಂಪೋರ್ಟ್. ಎರಡನೆಯದಾಗಿ, ಅಲ್ಲಿ ಹೆಸರೆಂದರೆ ಹೆಸರು ಮತ್ತು ಆರ್ಗ್ಯುಮೆಂಟುಗಳ ಸಂಖ್ಯೆ ಎರಡೂ ಸೇರಿದ್ದು; ಎರಡು ಆರ್ಗ್ಯುಮೆಂಟಿನ ಸ್ವಾಪಿಗೂ ಮೂರರದಕ್ಕೂ ಜಗಳವಿಲ್ಲ. ಎರಡೂ ಹೊಂದಿ ಡಿಕ್ಕಿಯಾದರೂ ಇಂಪೋರ್ಟ್ ಸಾಲಿನಲ್ಲಿ ಸುಮ್ಮನಿದ್ದು, ಆ ಹೆಸರನ್ನು ಕರೆದಲ್ಲಿ, ಇದು ಎರಡು ಮಾಡ್ಯೂಲುಗಳಿಂದ ಬಂದಿದೆ, ಯಾವುದೆಂದು ತಿಳಿಯುತ್ತಿಲ್ಲ ಎಂದು ಕಂಪೈಲರ್ ನಿಲ್ಲುತ್ತದೆ. ಜೂಲಿಯಾದಲ್ಲೂ ಎರಡು ಪ್ಯಾಕೇಜುಗಳನ್ನು ಯೂಸಿಂಗ್ ಮಾಡಿದಾಗ ಡಿಕ್ಕಿಯಾದ ಹೆಸರನ್ನು ಬಳಸಿದರಷ್ಟೇ ತಕರಾರು ಏಳುತ್ತದೆ, ಪ್ಯಾಕೇಜಿನ ಹೆಸರು ಸೇರಿಸಿ ಕರೆದರೆ ತೀರುತ್ತದೆ.

ಯಾವುದು ಸರಿ ಎಂಬುದಕ್ಕೆ, ವಿದ್ಯಾರ್ಥಿಗಳ ಮುಂದೆ ಈ ಸಂದರ್ಭವನ್ನು ಇಡಬಹುದು. ನಿಮ್ಮ ಪ್ರೋಗ್ರಾಮ್ ಎರಡು ಲೈಬ್ರರಿಗಳ ಎಲ್ಲ ಹೆಸರುಗಳನ್ನೂ ತರಿಸಿಕೊಳ್ಳುತ್ತಿದೆ, ಇಂದು ಡಿಕ್ಕಿಯಿಲ್ಲ. ಮುಂದಿನ ತಿಂಗಳು ಒಂದು ಲೈಬ್ರರಿಯ ಹೊಸ ಆವೃತ್ತಿ ಬಂದು, ಇನ್ನೊಂದರಲ್ಲಿ ಮೊದಲೇ ಇರುವ ಹೆಸರಿನಲ್ಲಿ ಹೊಸ ಮ್ಯಾಕ್ರೋವೊಂದನ್ನು ಸೇರಿಸುತ್ತದೆ. ನೀವು ಆ ಹೆಸರನ್ನು ಎಂದೂ ಬಳಸಿಲ್ಲ. ರ‍್ಯಾಕೆಟ್ ಪ್ರೋಗ್ರಾಮ್ ಅಂದೇ ನಿಲ್ಲುತ್ತದೆ, ಎಲಿಕ್ಸರ್ ಪ್ರೋಗ್ರಾಮ್ ಓಡುತ್ತದೆ. ನೀವು ಹಳೆಯದನ್ನು ಬಳಸುತ್ತಿದ್ದಿರಾದರೆ ಎರಡೂ ನಿಲ್ಲುತ್ತವೆ, ಮತ್ತು ನಿಲ್ಲಲೇಬೇಕು. ಬಳಸಿದಲ್ಲಿ ದೂರುವ ಎಲಿಕ್ಸರಿನ ಪದ್ಧತಿಯೇ ನಮಗೆ ಹೆಚ್ಚು ನ್ಯಾಯವೆಂದು ತೋರುತ್ತದೆ, ಆದರೆ ಪಾಠಕ್ಕೆ ರ‍್ಯಾಕೆಟ್ ಒಳ್ಳೆಯದು. ತರಗತಿಯಲ್ಲಿ ದೋಷ ಬೇಗ ಕಾಣಬೇಕು. ತರಿಸಿಕೊಳ್ಳುವ ಹೆಸರುಗಳನ್ನು ಓನ್ಲಿ-ಇನ್ ಮೂಲಕ ಒಂದೊಂದಾಗಿ ಬರೆದಿದ್ದರೆ ಹೊಸ ಆವೃತ್ತಿ ಎಷ್ಟೇ ಹೆಸರುಗಳನ್ನು ಸೇರಿಸಿದರೂ ರ‍್ಯಾಕೆಟ್ ಪ್ರೋಗ್ರಾಮಿಗೆ ಏನೂ ಆಗುವುದಿಲ್ಲ ಎಂಬುದನ್ನು ಅದೇ ಉದಾಹರಣೆಯ ಮೇಲೆ ಎರಡನೆಯ ಪ್ರಯೋಗವಾಗಿ ಮಾಡಿಸಬಹುದು.